ನಲವತ್ತೊಂದು ಹೆಸರಿನ ರಿಜಿಸ್ಟರ್

2025ರ ಸೆಪ್ಟೆಂಬರ್ 15, ಸೋಮವಾರ. ಬೆಳಿಗ್ಗೆ 10.20ಕ್ಕೆ ಕಲ್ಲುಬಾವಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಶಿವಕುಮಾರಸ್ವಾಮಿ ರಾಮಾಪುರ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಕಳೆನಾಶಕದಿಂದ ವಿಷಬಾಧೆಗೊಳಗಾದವರ ವಿವರವಿದ್ದ ರಿಜಿಸ್ಟರ್ ಬೀರುವಿನಿಂದ ಕಳುವಾಗಿತ್ತು. ಎಫ್‌ಐಆರ್ ಪ್ರತಿ ಇವತ್ತೇ ಬೇಕೆಂದು ಎರಡು ಸಲ ಹೇಳಿದರು.

ಇಷ್ಟು ಅವಸರವೇಕೆಂದು ಇನ್‌ಸ್ಪೆಕ್ಟರ್ ರುದ್ರಸ್ವಾಮಿ ಕೇಳಿದರು. ಆ ಕಳೆನಾಶಕವನ್ನು ನಿಷೇಧಿಸಬೇಕೇ ಬೇಡವೇ ಎಂದು ತೀರ್ಮಾನಿಸುವ ಸಮಿತಿ ಗುರುವಾರ ಬೆಂಗಳೂರಿನಲ್ಲಿ ಸೇರಲಿದೆ, ಅಷ್ಟರೊಳಗೆ ಅಂಕಿಅಂಶ ಹೋಗಬೇಕು, ಎಫ್‌ಐಆರ್ ಇದ್ದರೆ ನಕಲು ರಿಜಿಸ್ಟರ್ ತೆರೆಯಬಹುದು ಎಂದರು ವೈದ್ಯರು.

11.45ಕ್ಕೆ ಸ್ಥಳ ಪಂಚನಾಮೆ ನಡೆಯಿತು. ಬೀರುವಿನ ಬೀಗ ಮುರಿದಿರಲಿಲ್ಲ. ಕೀಲಿ ಇಬ್ಬರ ಬಳಿ ಇತ್ತು: ಒಂದು ವೈದ್ಯರದು, ಇನ್ನೊಂದು ಹಿರಿಯ ನರ್ಸ್ ಮಹಾಲಕ್ಷ್ಮಮ್ಮನದು. ಆಕೆ ಭಾನುವಾರದಿಂದ ರಜೆ. ಶನಿವಾರ ಕಳೆನಾಶಕದ ಕಂಪನಿಯವರು ಕಾರಿನಲ್ಲಿ ಬಂದು ರಿಜಿಸ್ಟರ್ ನೋಡಿಕೊಂಡು ಹೋಗಿದ್ದರೆಂದು ಕಾಂಪೌಂಡರ್ ತಿಳಿಸಿದ. ರುದ್ರಸ್ವಾಮಿಯ ಅನುಮಾನ ಅತ್ತ ತಿರುಗಿತು.

ಹೆಡ್ ಕಾನ್‌ಸ್ಟೇಬಲ್ ಪುಟ್ಟಮಾದಪ್ಪ ಕಾರಿನ ಜಾಡು ಹಿಡಿದು, ಕಂಪನಿಯ ಪ್ರತಿನಿಧಿ ಕೊಳ್ಳೇಗಾಲದ ಲಾಡ್ಜಿನಲ್ಲಿರುವುದನ್ನು ಪತ್ತೆಮಾಡಿದ. ರುದ್ರಸ್ವಾಮಿ ಅಲ್ಲಿಗೇ ಹೋಗಿ ವಿಚಾರಿಸಿದರು. ಪ್ರತಿನಿಧಿಗೆ ಭಯವಿರಲಿಲ್ಲ.

"ಇದನ್ನ ತಯಾರಿಸೋ ದೇಶದಲ್ಲೇ ಬಳಸೋ ಹಾಗಿಲ್ವಂತೆ?"

"ಅಲ್ಲಿ ಮಾರಲ್ಲ ಸರ್. ರಫ್ತಿಗೆ ಅಡ್ಡಿಯಿಲ್ಲ."

"ರಿಜಿಸ್ಟರ್ ಕಳೆದುಹೋದ್ರೆ ನಿಮಗೇ ಲಾಭ ತಾನೆ?"

"ಕಳೆದುಹೋದ್ರೆ ಜನ ಅನುಮಾನಪಡ್ತಾರೆ ಸರ್. ಅದು ಇರಬೇಕು, ಸರಿಯಾಗಿರಬೇಕು."

ಆ 'ಸರಿಯಾಗಿ' ಎಂಬ ಮಾತು ಜೀಪಿನಲ್ಲಿ ವಾಪಸಾಗುವಾಗಲೂ ರುದ್ರಸ್ವಾಮಿಯನ್ನು ಬಿಡಲಿಲ್ಲ. ಸಂಜೆ ಮತ್ತೆ ಆಸ್ಪತ್ರೆಗೆ ಹೋಗಿ ವೈದ್ಯರ ಮೇಜಿನ ಡ್ರಾಯರ್ ತೆರೆಸಿದರು. ಒಳಗೆ ಹೊಸ ರಿಜಿಸ್ಟರ್ ಇತ್ತು. ಮೂರು ವರ್ಷದ ತಾರೀಖುಗಳು, ಎಲ್ಲವೂ ಒಂದೇ ಶಾಯಿಯಲ್ಲಿ. ಕಾರಣದ ಕಾಲಂನಲ್ಲಿ ಸಾಲುಸಾಲಾಗಿ 'ವಾಂತಿಭೇದಿ'.

ವೈದ್ಯರು ಒಪ್ಪಿಕೊಂಡರು. ಸಾಬೀತಾಗದ್ದನ್ನು ವಿಷವೆಂದು ಬರೆಯಬೇಡಿ ಎಂದು ಮೇಲಿನಿಂದ ಫೋನ್ ಬಂದಿತ್ತು. ಶನಿವಾರ ಸಂಜೆಯೇ ನಕಲು ಮಾಡಲು ಕೂತಿದ್ದರು. ಆಗ ಪಕ್ಕದಲ್ಲಿ ಯಾರಿದ್ದರೆಂದು ರುದ್ರಸ್ವಾಮಿ ಕೇಳಿದರು. ನರ್ಸ್ ಇದ್ದರೆಂದು ವೈದ್ಯರು ತಲೆ ತಗ್ಗಿಸಿ ಹೇಳಿದರು. ಇನ್‌ಸ್ಪೆಕ್ಟರ್ ಹೊಸ ರಿಜಿಸ್ಟರನ್ನು ಜಪ್ತಿ ಮಾಡಿದರು. ತಾನು ಬೆಳಿಗ್ಗೆ ಸಹಿ ಹಾಕಿದ ಎಫ್‌ಐಆರ್ ಈ ಸುಳ್ಳಿಗೆ ಮುದ್ರೆಯಾಗಲಿತ್ತೆಂದು ತಿಳಿದ ಮೇಲೆ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ.

ಮಂಗಳವಾರ ಮಧ್ಯಾಹ್ನ 1.10. ರಜೆ ಅರ್ಜಿಯಲ್ಲಿದ್ದ ವಿಳಾಸ ಹಿಡಿದು ರುದ್ರಸ್ವಾಮಿ, ಪುಟ್ಟಮಾದಪ್ಪ ಮತ್ತು ಮಹಿಳಾ ಕಾನ್‌ಸ್ಟೇಬಲ್ ನಾಗಶ್ರೀಯೊಂದಿಗೆ ಯಳಂದೂರು ತಾಲ್ಲೂಕಿನ ಹೊನ್ನೂರಿಗೆ ಬಂದರು. ಮಹಾಲಕ್ಷ್ಮಮ್ಮ ತಂಗಿಯ ಮನೆಯಲ್ಲಿದ್ದರು. ಐವತ್ತಾರರ ಹೆಂಗಸು. ಕೇಳುವ ಮೊದಲೇ ರಿಜಿಸ್ಟರ್ ತಂದು ಮುಂದಿಟ್ಟರು.

"ನಾನೇ ತಕಂಡ್ ಬಂದೆ ಸಾ. ಅಲ್ಲೇ ಬುಟ್ಟಿದ್ರೆ ಸುಟ್ಟಾಕ್ಬುಡ್ತಿದ್ರು."

"ನಮ್ಮ ಹತ್ರ ಬರಬಹುದಿತ್ತಲ್ಲಮ್ಮ?"

"ಸುಳ್ ಬರೀತಾವ್ರೆ ಅಂತ ಬಂದಿದ್ರೆ ಯಾವ್ ಕಲಂ ಆಕ್ತಿದ್ರಿ ಸಾ? ಕಳ್ತನ ಅಂದ್ರೆ ನಿಮ್ಗೂ ಕಾನೂನದೆ."

ರುದ್ರಸ್ವಾಮಿ ಬಂಧಿಸಲೇಬೇಕೆಂದೂ, ಸರ್ಕಾರಿ ಸ್ವತ್ತಿನ ಕಳವೆಂದರೆ ಕೆಲಸಕ್ಕೂ ಪಿಂಚಣಿಗೂ ಕುತ್ತೆಂದೂ ತಿಳಿಸಿದರು. ಆಕೆ ಗೊತ್ತೆಂಬಂತೆ ತಲೆಯಾಡಿಸಿ ಒಂದೇ ಒಂದನ್ನು ಕೇಳಿದರು.

"ಪಂಚನಾಮೆಲಿ ಬರೀ 'ರಿಜಿಸ್ಟರ್ ಒಂದು' ಅಂತ ಬರ್ಕಬ್ಯಾಡಿ ಸಾ. ಒಳಗಿರೋ ಎಸ್ರೂ ಬರ್ಕಳಿ."

ಪುಟ್ಟಮಾದಪ್ಪ ಸಾಹೇಬರ ಮುಖ ನೋಡಿದ. ಬರೆಯಲು ಅವರು ಸನ್ನೆ ಮಾಡಿದರು. ನಾಗಶ್ರೀ ಓದುತ್ತ ಹೋದಳು: ಹೆಸರು, ಊರು, ಸಿಂಪಡಿಸಿದ ದಿನ, ಏನಾಯಿತು. ಶಾಗ್ಯದ ಚನ್ನಮಲ್ಲಮ್ಮ, ಜೋಳದ ಹೊಲ, ಹನ್ನೊಂದನೇ ದಿನ ಸಾವು. ಹೀಗೆ ನಲವತ್ತೊಂದು. ಅದರಲ್ಲಿ ಏಳು ಸಾವು. ಪಂಚರ ಸಹಿಯಾಗುವಷ್ಟರಲ್ಲಿ ಮೂರೂವರೆ ಗಂಟೆ ಹಿಡಿದಿತ್ತು. ಸಂಜೆ 5.40ಕ್ಕೆ ಮಹಾಲಕ್ಷ್ಮಮ್ಮನನ್ನು ಬಂಧಿಸಲಾಯಿತು.

ಬುಧವಾರ ರಿಜಿಸ್ಟರ್ ಕೊಳ್ಳೇಗಾಲದ ನ್ಯಾಯಾಲಯ ಸೇರಿತು. ಮೂಲ ದಾಖಲೆ ನ್ಯಾಯಾಲಯದ ವಶದಲ್ಲಿದೆ ಎಂದು ರುದ್ರಸ್ವಾಮಿ ಪಂಚನಾಮೆಯ ಪ್ರತಿಯೊಂದಿಗೆ ಸಮಿತಿಗೆ ಪತ್ರ ಬರೆದರು. ಸಮಿತಿ ಏನು ಮಾಡುತ್ತದೋ ಅವರಿಗೆ ತಿಳಿಯದು.

ಆಕೆ ಹಾಗೇಕೆ ಮಾಡಿದರೆಂಬುದು ಹೇಳಿಕೆಯ ಕೊನೆಯ ಪುಟದಲ್ಲಿದೆ. ಎರಡು ವರ್ಷದ ಹಿಂದೆ ಆರೋಗ್ಯ ಇಲಾಖೆ ಮತ್ತು ಕಂಪನಿ ಸೇರಿ 'ಸುರಕ್ಷಿತ ಸಿಂಪಡಣೆ' ಶಿಬಿರ ನಡೆಸಿದ್ದವು. ಮುಖಗವಸು ಹಾಕಿದರೆ ಭಯವಿಲ್ಲ ಎಂಬ ಕಂಪನಿಯ ಕರಪತ್ರವನ್ನು ಊರೂರಲ್ಲಿ ಓದಿ ಹೇಳಿದವರು ಮಹಾಲಕ್ಷ್ಮಮ್ಮ. ಚನ್ನಮಲ್ಲಮ್ಮ ಸಾಯುವ ಹಿಂದಿನ ದಿನ ಮಹಾಲಕ್ಷ್ಮಮ್ಮನ ಕೈ ಹಿಡಿದು, ನೀವು ಹೇಳಿದ ಹಾಗೇ ಹಾಕಿಕೊಂಡಿದ್ದೆ ಸಿಸ್ಟರ್ ಅಂದಿದ್ದಳು.