ಮೊದಲು ಮಾತಾಡಬೇಕಾದವಳು

“ದೊಡ್ಡಮ್ಮ, ಆ ಮನುಷ್ಯನಿಗೆ ಹೇಳು, ನನ್ನ ಪಾಸ್ಟ್ರಾಮಿ ದಪ್ಪಗೆ ಕತ್ತರಿಸಬೇಕು ಅಂತ.”

ಆ ಮನುಷ್ಯ ನನ್ನಿಂದ ಮೂರಡಿ ದೂರದಲ್ಲಿ, ಕೌಂಟರಿನ ಹಿಂದೆ ನಿಂತಿದ್ದ. ಕೈಯಲ್ಲಿ ಉದ್ದನೆಯ ಚಾಕು, ಮುಂದೆ ಹಬೆಯಾಡುವ ಮಾಂಸ. ನನ್ನ ಮಾತು ಅವನ ಎರಡೂ ಕಿವಿಗೆ ಬಿದ್ದಿತ್ತು. ಬೀಳಲೆಂದೇ ಹೇಳಿದ್ದೆ.

“ಬ್ಲೂಮಾ ಆಂಟಿ,” ಎಂದ ಜೋಯೆಲ್, ಕಣ್ಣೆತ್ತದೆ. “ಅವರಿಗೆ ಹೇಳಿ, ಈ ಅಂಗಡೀಲಿ ತೆಳ್ಳಗೆ ಕತ್ತರಿಸೋ ಪದ್ಧತಿನೇ ಇಲ್ಲ ಅಂತ.”

“ನಾನೇನು ಪೋಸ್ಟ್‌ಮ್ಯಾನಾ?” ಎಂದು ಗೊಣಗಿ ದೊಡ್ಡಮ್ಮ ಮೇಜಿನ ಕಡೆ ನಡೆದಳು. ಅಲ್ಲಿ ಸೋಲ್ ದೊಡ್ಡಪ್ಪ ಆಗಲೇ ಸೂಪು ಕುಡಿಯಲು ಶುರು ಮಾಡಿದ್ದ. ಗಂಟೆ ಇನ್ನೂ ನಾಲ್ಕೂಕಾಲು. ಡೆಲ್‌ರೇ ಬೀಚ್ ಎಂಬ ಈ ಕಡಲೂರಿನ ಮುದುಕರಿಗೆಲ್ಲ ಅದು ರಾತ್ರಿಯೂಟದ ಹೊತ್ತು.

ನಾನು ನ್ಯೂಯಾರ್ಕಿನ ಹಿಮ ಬಿಟ್ಟು ಈ ಬಿಸಿಲಿಗೆ ಬಂದದ್ದು, ಅಮ್ಮ ತೀರಿಕೊಂಡು ವರ್ಷ ತುಂಬುವ ದಿನ ಅವಳ ಹೆಸರಿನಲ್ಲಿ ದೀಪ ಹಚ್ಚಲು. ನಾಳೆ ಸಂಜೆ ದೀಪ, ನಾಡಿದ್ದು ವಿಮಾನ. ಆಮೇಲೆ ಈ ಊರಿನ ಮುಖ ನೋಡುವುದಿಲ್ಲ, ಜೋಯೆಲ್‌ನ ಮುಖವನ್ನಂತೂ ಇಲ್ಲವೇ ಇಲ್ಲ ಎಂದು ತೀರ್ಮಾನಿಸಿದ್ದೆ. ಆದರೆ ದೊಡ್ಡಮ್ಮನಿಗೆ ಪಾಸ್ಟ್ರಾಮಿ ಇಲ್ಲಿಯದೇ ಆಗಬೇಕು.

ಎರಡು ಚಳಿಗಾಲ ನಾನೂ ಅವನೂ ಪ್ರೀತಿಸಿದ್ದೆವು. ಅಮ್ಮನಿಗೂ ಗೊತ್ತಿತ್ತು. ಪ್ರತಿ ಮಂಗಳವಾರ ಇಲ್ಲಿಗೆ ಬಂದು, ಸಾಸಿವೆ ಕಮ್ಮಿಯಾಯಿತೆಂದು ಅವನೊಡನೆ ಜಗಳವಾಡಿ, ಮನೆಗೆ ಹೋಗಿ ನನಗೆ ಫೋನಿನಲ್ಲಿ ಅವನನ್ನು ಹೊಗಳುತ್ತಿದ್ದಳು.

ಅವನ ಮಣಿಕಟ್ಟಿನ ಮೇಲೆ ಇವತ್ತೂ ಸಾಸಿವೆಯ ಕಲೆ. ಹುಬ್ಬು ಗಂಟಿಕ್ಕಿದಾಗ ಎಡಗಡೆಯದು ಮಾತ್ರ ಮೇಲೇರುವುದು ಹಾಗೇ ಇತ್ತು. ನಾನು ಅದನ್ನೆಲ್ಲ ಗಮನಿಸುತ್ತಿದ್ದೇನೆಂದು ತಿಳಿದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಅವನು ತಟ್ಟೆ ಮುಂದೆ ತಳ್ಳಿದ. ಕಣ್ಣು ಒಮ್ಮೆ ನನ್ನ ಕಡೆ ಬಂದು, ಸುಟ್ಟುಕೊಂಡಂತೆ ಹಿಂದೆ ಹೋಯಿತು.

“ಉಪ್ಪಿನಕಾಯಿ ಬೇಕಾ ಅಂತ ಕೇಳೋಕೂ ಬಾಯಿಲ್ವಾ?” ಎಂದೆ. ಮಧ್ಯಸ್ಥಿಕೆ ಮುಗಿದಿತ್ತು. “ಅವತ್ತೂ ಇರಲಿಲ್ಲ ಬಿಡು. ಅಮ್ಮ ಸತ್ತ ಮನೇಲಿ ಒಂದು ಗಂಟೆ ನನ್ನೆದುರು ಕಲ್ಲಿನ ಹಾಗೆ ಕೂತು, ಒಂದು ಮಾತಾಡ್ದೆ ಎದ್ದು ಹೋದೆ.”

ಆ ಕೋಣೆ ನನಗೆ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಯೆಹೂದಿ ಪದ್ಧತಿಯಂತೆ ಕನ್ನಡಿಗಳಿಗೆ ಬಟ್ಟೆ ಹೊದಿಸಿತ್ತು. ಸೂತಕದ ಏಳು ದಿನ ಗಿಡ್ಡ ಸ್ಟೂಲಿನ ಮೇಲೆ ನಾನು. ಬಂದವರೆಲ್ಲ ಹವೆ, ಮೊಣಕಾಲಿನ ಆಪರೇಷನ್ನು ಎಂದು ವಟವಟ ಮಾತಾಡಿದರು. ನನಗೆ ಬೇಕಿದ್ದದ್ದು ಒಬ್ಬನ ಮಾತು.

ಜೋಯೆಲ್ ಚಾಕು ಕೆಳಗಿಟ್ಟ. “ನೀನು ಬಾಯಿ ಬಿಟ್ಟೆಯಾ?”

“ನಾನ್ಯಾಕೆ ಬಿಡ್ಲಿ? ಅಮ್ಮನ್ನ ಕಳ್ಕೊಂಡವಳು ನಾನು.”

“ಅದಕ್ಕೇ! ಸೂತಕದಲ್ಲಿ ಕೂತವರು ತಾವಾಗಿ ಮಾತಾಡೋ ತನಕ ಬಂದವರು ತುಟಿ ಬಿಚ್ಚಬಾರ್ದು. ನಮ್ಮ ತಾತ ಹೇಳ್ಕೊಟ್ಟಿದ್ದು. ಕಾದೆ ಡೀನಾ, ಒಂದು ಗಂಟೆ ಕಾದೆ. ನೀನು ಮುಖ ತಿರುಗಿಸಿದೆ. ನಾನು ಬೇಡವಾದೆ ಅಂದ್ಕೊಂಡೆ. ಅವತ್ತೇ ನೀನು ನನ್ನ ನಂಬರ್ ಬ್ಲಾಕ್ ಮಾಡಿದೆ. ಆಮೇಲೆ ನಾನೇನು ಪಾರಿವಾಳ ಕಳಿಸ್ಬೇಕಿತ್ತಾ?”

ನಾನು ದೊಡ್ಡಮ್ಮನ ಕಡೆ ತಿರುಗಿದೆ. ಅವಳು ಬುಟ್ಟಿಯಲ್ಲಿದ್ದ ಬನ್ನುಗಳನ್ನು ಕಾಗದದಲ್ಲಿ ಸುತ್ತಿ ಕೈಚೀಲಕ್ಕೆ ಸೇರಿಸುತ್ತಿದ್ದಳು.

“ಹಾಗೊಂದು ನಿಯಮ ಇದೆಯಾ?”

“ಇದೆ ಕಣೇ. ಯಾರು ಪಾಲಿಸ್ತಾರೆ? ನಿಮ್ಮಮ್ಮ ಇಂಥದ್ದನ್ನೆಲ್ಲ ನಿನಗೆ ಹೇಳ್ಕೊಡ್ಲೇ ಇಲ್ಲ.”

“ಮತ್ತೆ ಒಂದು ವರ್ಷ ನನ್ನ ಗೋಳು ಕೇಳಿದ್ಯಲ್ಲ, ಹೇಳ್ಬಾರ್ದಿತ್ತಾ?”

“ಅವನು ಕೈಬಿಟ್ಟ ಅಂತ ಮಾತ್ರ ನೀನು ಅಳ್ತಿದ್ದೆ, ಅವತ್ತು ಬರಲೇ ಇಲ್ಲ ಅಂತ ನಾನು ತಿಳಿದಿದ್ದೆ. ತಂಗಿನ ಕಳ್ಕೊಂಡು ಕೂತಿದ್ದೆ ನಾನು. ಯಾರ ಮುಖ ನೋಡಿದೆ ಅಂತ ನನಗೇ ನೆನಪಿಲ್ಲ.”

ದೊಡ್ಡಪ್ಪ ಸೂಪಿನಿಂದ ತಲೆ ಎತ್ತಲಿಲ್ಲ. “ಪಾಸ್ಟ್ರಾಮಿ ಆರುತ್ತೆ,” ಎಂದ.

ಹಾಗಾದರೆ ಅಷ್ಟು ಜನರ ನಡುವೆ ನನ್ನ ದುಃಖಕ್ಕೆ ಮರ್ಯಾದೆ ಕೊಟ್ಟವನು ಇವನೊಬ್ಬನೇ. ಅವನ ಮೇಲಿನ ಸಿಟ್ಟಿಗೆ ಇನ್ನು ಆಧಾರವಿರಲಿಲ್ಲ. ಆದರೂ ಅದು ಎದೆ ಬಿಟ್ಟು ಇಳಿಯಲಿಲ್ಲ. ಕಳೆದುಹೋದ ವರ್ಷದ ಮೇಲೆ, ನನ್ನ ಮೇಲೆ, ಎಲ್ಲದರ ಮೇಲೆ ಹರಡಿಕೊಂಡಿತು. ಕೌಂಟರಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ.

“ಅಮ್ಮ ಹೋಗಿಬಿಟ್ಟಳು, ಜೋಯೆಲ್.”

ಅವನು ಕೈಗವಸು ಕಳಚಿದ. ಕೌಂಟರು ಸುತ್ತಿ ಹೊರಗೆ ಬಂದ. ಇಷ್ಟು ಹತ್ತಿರ ಬಂದಾಗ ಅವನ ಕಣ್ಣು ಕೆಂಪಾಗಿರುವುದು ಕಂಡಿತು.

“ಹೋಗೋ ಮುಂಚಿನ ಮಂಗಳವಾರ ಅವರು ಇಲ್ಲೇ ನಿಂತು ಹೇಳಿದ್ರು, ನನ್ನ ಮಗಳಿಗೆ ಮೂಗಿನ ತುದೀಲಿ ಕೋಪ, ಹೆದರಿ ಓಡಿ ಹೋಗ್ಬೇಡ ಅಂತ. ಹೋಗಲ್ಲ ಅಂದಿದ್ದೆ. ಅವತ್ತು ನಿನಗೆ ಇದನ್ನ ಹೇಳೋಕೇ ಬಂದಿದ್ದೆ.”

“ಆದ್ರೂ ಹೋದೆ.”

“ಹೋದೆ. ಅದು ನನ್ನ ತಪ್ಪು. ನಿನ್ನ ಪ್ರೀತಿಸ್ತೀನಿ ಡೀನಾ. ಅದನ್ನೂ ಅವತ್ತೇ ಹೇಳ್ಬೇಕಿತ್ತು.”

ನಾನು ಅತ್ತೆ. ಅಳುತ್ತಲೇ ಅವನ ಏಪ್ರನ್ನಿಗೆ ಎರಡು ಗುದ್ದಿದೆ. ಅವನು ಆ ಕೈಯನ್ನು ಹಾಗೇ ಹಿಡಿದುಕೊಂಡ. ನಾನು ಬಿಡಿಸಿಕೊಳ್ಳಲಿಲ್ಲ.

“ನಾಳೆ ಸಂಜೆ ಅಮ್ಮನಿಗೆ ದೀಪ ಹಚ್ತೀನಿ,” ಎಂದೆ. “ಮನೆಗೆ ಬಾ. ಬಂದು ಸುಮ್ಮನೆ ಕೂತೆಯೋ, ಕೊಂದುಬಿಡ್ತೀನಿ. ಬಾಗಿಲಲ್ಲೇ ಮಾತು ಶುರು ಮಾಡು.”