ಗೊಂಬೆಗೆ ತೊಡಿಸಿದ ಕೋಟು

"ಆ ಮೂಲೇಲಿರೋ ಗೊಂಬೆಗೆ ಮಾತ್ರ ಯಾರ ಅಳತೇನೂ ಕಟ್ಟಬೇಡಮ್ಮಾ," ಎಂದಳು ಇಸ್ತ್ರಿ ಅಜ್ಜಿ, ಊರಿಗೆ ಹೊರಟ ಚೀಲವನ್ನು ಹೆಗಲಿಗೇರಿಸುತ್ತ. "ಗೊಂಬೆಗೆ ಮಾಡಿದ್ದು ಅಳತೆಯೋರಿಗೆ ತಟ್ಟುತ್ತೆ. ಕಟ್ಟಿದ ಕೈಗೆ ಬಿಚ್ಚೋಕೆ ಬರಲ್ಲ. ಅವರ ಮೇಲೆ ಮನಸಾರೆ ಪ್ರೀತಿ ಇರೋ ಕೈಯೇ ಬೇಕು."

"ಅಯ್ಯೋ ಅಜ್ಜಿ, ಹತ್ತಿ ತುಂಬಿದ ಗೊಂಬೆಗೆ ಇಷ್ಟೊಂದು ಮರ್ಯಾದೆಯಾ? ಸಂಬಳಾನೂ ಕೊಡ್ತೀರಾ?" ಎಂದು ನಕ್ಕಳು ಕಟಿಂಗ್ ಮಾಸ್ಟರಮ್ಮ.

ಅಜ್ಜಿ ನಗಲಿಲ್ಲ. "ಹಿಂದಿದ್ದ ಮಾಸ್ಟರು ಜೊತೆಯವನ ಏಳಿಗೆ ನೋಡಲಾರದೆ ಈ ಗೊಂಬೆಗೆ ಮಾಟ ಮಾಡಿಸಿದ. ಆ ಜೊತೆಯವನನ್ನ ಹೊತ್ತುಕೊಂಡು ಹೋಗಿದ್ದು ಈ ಬಾಗಿಲಿಂದಾನೇ. ಅವನಿಗೆ ಮೂವತ್ತೂ ತುಂಬಿರಲಿಲ್ಲ."

ಹಿಂದೊಮ್ಮೆ ನಮ್ಮ ಕಡೆಯ ಗಾರ್ಮೆಂಟ್ಸಿನಲ್ಲಿ ಹತ್ತು ವರ್ಷ ದುಡಿದವಳಾದ್ದರಿಂದ ಅಜ್ಜಿಗೆ ನಮ್ಮ ಮಾತು ಬರುತ್ತಿತ್ತು. ಪರದೇಶದ ಈ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರಮ್ಮನಿಗೆ ಇದ್ದ ಒಬ್ಬಳೇ ಮಾತಿನ ಜೊತೆ ಅವಳು. ಈಗ ಅವಳೂ ಹೊರಟಳು. ಇಡೀ ನಗರಕ್ಕೆ ರಜೆ. ಬಟ್ಟೆ ತೊಡಿಸಿ ನೋಡುವ ಬೇರೆ ಗೊಂಬೆಗಳೆಲ್ಲ ಉಗ್ರಾಣದಲ್ಲಿ ಬೀಗದೊಳಗಿದ್ದವು. ಅಳತೆ ಕೆಟ್ಟ ಕೋಟುಗಳ ಕಾಗದದ ನಮೂನೆಗಳನ್ನೆಲ್ಲ ರಜೆ ಮುಗಿಯುವುದರೊಳಗೆ ತಿದ್ದಿಕೊಡುವುದು ಮಾಸ್ಟರಮ್ಮನ ಕೆಲಸ.

ಕಿಟಕಿಯಿಲ್ಲದ ಕೋಣೆ. ಸೀಮೆಸುಣ್ಣ, ಮೆಷಿನ್ ಎಣ್ಣೆ, ಕರಕಲಾದ ಬಟ್ಟೆಯ ವಾಸನೆ. ಉದ್ದನೆಯ ಮೇಜಿನ ಮೇಲೆ ಒಂದೇ ದೀಪ. ಅದರ ಬೆಳಕು ಮುಟ್ಟದ ಮೂಲೆಯಲ್ಲಿ, ತಲೆಯಿಲ್ಲದ, ಕೈಯಿಲ್ಲದ, ಕಬ್ಬಿಣದ ಒಂಟಿ ಕಾಲಿನ ಆ ಗೊಂಬೆ.

ಮಧ್ಯಾಹ್ನ ಮನೆಯಿಂದ ವಿಡಿಯೋ ಕರೆ ಬಂತು. ರಜೆಗೆಂದು ಗಂಡ, ಮಗಳು ಇಬ್ಬರೂ ತಂಗಿಯ ಮನೆಯಲ್ಲಿದ್ದರು. ಮಗಳು ಚಿಕ್ಕಮ್ಮನ ತೊಡೆಯ ಮೇಲೆ ಕುಳಿತು, "ಅಮ್ಮಾ, ಚಿಕ್ಕಮ್ಮನ ಕೈಯಡುಗೆ ನಿನಗಿಂತ ಚೆನ್ನಾಗಿದೆ!" ಎಂದಳು. ಹಿಂದೆ ಗಂಡ ಹೋ ಎಂದು ನಕ್ಕ. ಆಮೇಲೆ ತಂಗಿ ನಾಚುತ್ತ ಹೇಳಿದಳು: "ಅಕ್ಕಾ, ಸಾಹೇಬರು ನಮ್ಮ ಕಾರ್ಖಾನೆ ಚೀಫ್ ಮಾಸ್ಟರ್ ಕುರ್ಚಿ ನನಗೇ ಅಂದ್ಬಿಟ್ರು. ರಜೆ ಮುಗಿದ ದಿನ ಬಂದು ಕೂತ್ಕೋಬೇಕಂತೆ. ನಿನಗೆ ಬೇಜಾರಿಲ್ಲ ತಾನೆ?"

"ಬೇಜಾರೇನೇ, ಹುಚ್ಚಿ!" ಎಂದು ಅಕ್ಕ ಹಲ್ಲು ಕಿರಿದಳು. ಫೋನಿಟ್ಟ ಮೇಲೆ ಮೈಯೆಲ್ಲ ಉರಿಯಿತು. ಇವಳಿಗೆ ಕತ್ತರಿ ಹಿಡಿಯಲು ಕಲಿಸಿದ್ದು ಯಾರು? ಕಾಲರ್ ಕೂರಿಸಲು, ಅಳತೆಗೆ ಹೆಸರಿನ ಚೀಟಿ ಚುಚ್ಚಲು ಕಲಿಸಿದ್ದು ಯಾರು? ಹದಿನೆಂಟು ವರ್ಷ ನಿಂತೂ ನಿಂತೂ ಕಾಲು ಊದಿದ್ದು ತನ್ನದು, ಕೂರಲು ಕುರ್ಚಿ ಮಾತ್ರ ಅವಳಿಗೆ! ಈಗ ಮಗಳೂ ಅವಳ ತೊಡೆಯ ಮೇಲೆ!

ಕುರ್ಚಿಯ ಬೆನ್ನಿಗೆ ತಂಗಿಯ ನೀಲಿ ಕೋಟು ತೂಗುತ್ತಿತ್ತು. "ಅಲ್ಲಿ ಚಳಿಯಂತೆ, ನನ್ನದನ್ನ ಹಾಕ್ಕೋ," ಎಂದು ಅವಳೇ ಪೆಟ್ಟಿಗೆಗೆ ತುರುಕಿದ್ದಳು. ಕಡ್ಡಿಯಂಥವಳ ಕೋಟು ತನಗೆಲ್ಲಿ ಆದೀತು, ಹಂಗಿಸಲೆಂದೇ ಕೊಟ್ಟಿದ್ದಾಳೆ ಎಂದು ಅಕ್ಕ ಅದನ್ನು ಒಮ್ಮೆಯೂ ತೊಟ್ಟಿರಲಿಲ್ಲ. ಚಳಿಗೆ ನಡುಗಿದರೂ ತೊಟ್ಟಿರಲಿಲ್ಲ.

ಮಾಟ ಗೀಟ ಅವಳು ನಂಬುತ್ತಿರಲಿಲ್ಲ. ಆದರೆ ಹೊಟ್ಟೆಕಿಚ್ಚಿಗೆ ನಂಬಿಕೆ ಬೇಕಿರಲಿಲ್ಲ. ಗೊಂಬೆಯನ್ನು ದರದರ ಎಳೆದು ತಂದಳು. ಕೋಟು ತೊಡಿಸಿ, ಒಳಗೆ ಹತ್ತಿ ತುರುಕಿದಳು. ಕೋಟು ಮೈತುಂಬಿ ನಿಲ್ಲುವವರೆಗೆ ತುಂಬುವುದು, ಅದೇ ಅಳತೆ. ಇಂಥದ್ದಕ್ಕೆ ಅವಳಿಗೆ ಟೇಪು ಬೇಡ. ಸೊಂಟಕ್ಕೆ ಹಿಡಿಗಟ್ಟಲೆ ಹೆಚ್ಚಿಗೆ ಹಿಡಿಯಿತು. "ಓಹೋ, ಸುಖದಲ್ಲಿ ಊದಿದ್ದಾಳೆ ರಾಣಿ!" ಎಂದು ಮೂಗು ಮುರಿದಳು. ಚೀಟಿ ಬರೆದಳು: 'ತಂಗಿ. ಸೊಂಟ ಇನ್ನೂ ಬಿಗಿಯಾಗಲಿ.' ಕಾಲರಿನ ಕೆಳಗೆ ಗುಂಡುಸೂಜಿಯಿಂದ ಚುಚ್ಚಿದಳು.

"ಎರಡು ದಿನ ಮಲಗು, ಸಾಕು. ಆ ದಿನ ನೀನು ಅಲ್ಲಿರಬಾರದು, ಅಷ್ಟೆ."

ಸೊಂಟಕ್ಕೆ ದಾರ ಸುತ್ತಿ ಜೋರಾಗಿ ಎಳೆದು ಗಂಟು ಹಾಕಿದಳು.

ಗೊಂಬೆಯೊಳಗೆ ಯಾರೋ ಉಸಿರೆಳೆದ ಸದ್ದು.

ಅಲ್ಲ. ಉಸಿರೆಳೆದದ್ದು ಅವಳೇ.

ಪಕ್ಕೆಲುಬಿನ ಕೆಳಗೆ ಏನೋ ಕಚ್ಚಿ ಹಿಡಿದಿತ್ತು. ರವಿಕೆ ಎತ್ತಿ ನೋಡಿದಳು. ಸೊಂಟದ ಸುತ್ತ ದಾರದಗಲದ ಕೆಂಪು ಬರೆ. ನೋಡುತ್ತಿದ್ದಂತೆಯೇ ಅದು ಒಳಗಿಳಿಯಿತು. ತಂಗಿಗೆ ಫೋನು ಮಾಡಿದಳು.

"ನಿನಗೆ... ಏನೂ ಆಗಿಲ್ವೇನೇ?"

"ನನಗೇನಾಗುತ್ತೆ? ಗುಂಡುಕಲ್ಲಿನ ಹಾಗಿದೀನಿ. ಕೋಟು ಸರಿಯಾಯ್ತಾ ಅಕ್ಕಾ? ಹೇಳೋದೇ ಮರೆತೆ. ಅಂಚೆಲ್ಲ ಬಿಚ್ಚಿ ನಿನ್ನ ಅಳತೆಗೆ ಹೊಲಿದೆ. ನಿನ್ನ ಹಳೇ ರವಿಕೆ ಇಟ್ಟುಕೊಂಡು, ಎರಡು ದಿನ ಕೂತು."

ಅಕ್ಕ ಕೋಟಿನ ಅಂಚು ತಿರುವಿದಳು. ಹೊಸ ನೂಲು. ಸಣ್ಣ ಸಣ್ಣ ಹೊಲಿಗೆ. ತಾನೇ ಕಲಿಸಿದ ಹೊಲಿಗೆ. ಎಲ್ಲರ ಕೋಟಿನ ಅಂಚೂ ತಿರುವಿ ನೋಡುವವಳು ಇದೊಂದನ್ನು ನೋಡಿರಲಿಲ್ಲ.

ಗಂಟು ಬಿಚ್ಚಲು ಹೋದಳು. ಉಗುರು ಕಿತ್ತಿತು, ಗಂಟು ಸಡಿಲವಾಗಲಿಲ್ಲ. ಕತ್ತರಿ ಹಾಕಿದಳು. ಕತ್ತರಿಯ ಬಾಯಿ ಮುರಿಯಿತು. ಚೀಟಿಯನ್ನಾದರೂ ಕೀಳೋಣವೆಂದರೆ ಸೂಜಿ ಬರಲಿಲ್ಲ, ಕಾಗದ ಹರಿಯಲಿಲ್ಲ. ಅವಳ ಕೂಗು ಕೇಳಿ ಬಂದ ಗೇಟಿನ ಕಾವಲುಗಾರ ಹೇಳಿ ಕಳಿಸಿ ಅಜ್ಜಿಯನ್ನು ವಾಪಸು ಕರೆಸಿದ. ಅಜ್ಜಿ ಗಂಟು ಮುಟ್ಟಿ ನೋಡಿ ತಲೆಯಾಡಿಸಿದಳು. "ನನ್ನ ಕೈಲಾಗಲ್ಲಮ್ಮಾ. ನಮ್ಮದು ನಾಲ್ಕು ದಿನದ ಪರಿಚಯ. ನಿನ್ನನ್ನ ಪ್ರಾಣದ ಹಾಗೆ ನೋಡೋರು ಯಾರಿದಾರೆ?"

ಗಂಡನ ಪಾಸ್‌ಪೋರ್ಟು ಮುಗಿದು ವರ್ಷವಾಗಿತ್ತು. ಮಗಳಿಗೆ ಇನ್ನೂ ಮಾಡಿಸಿಯೇ ಇರಲಿಲ್ಲ. ಉಳಿದವಳು ಒಬ್ಬಳೇ.

"ಬಾ," ಎಂದಳು ಫೋನಿನಲ್ಲಿ. ಅದಕ್ಕಿಂತ ಹೆಚ್ಚಿಗೆ ಉಸಿರಿರಲಿಲ್ಲ.

"ಬಂದೆ ಅಕ್ಕಾ. ಕುರ್ಚಿ ಹಾಳಾಗ್ಲಿ, ಬಂದೆ."

ತಂಗಿ ಬಂದು ಮುಟ್ಟಲು ಒಂದೂವರೆ ದಿನ ಹಿಡಿಯಿತು. ಅಷ್ಟರಲ್ಲಿ ದಾರ ತಾನಾಗಿಯೇ ನಾಲ್ಕು ಸಲ ಬಿಗಿದಿತ್ತು. ಕಟಿಂಗ್ ಮೇಜಿನ ಮೇಲೆ ಮಲಗಿದ್ದ ಅಕ್ಕನ ಸೊಂಟ ಎರಡು ಅಂಗೈಯಲ್ಲಿ ಹಿಡಿಯುವಷ್ಟಾಗಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿದಾಗ ಅವಳು ತೆವಳಿ ಇಳಿದು, ಗೊಂಬೆಯ ಕಾಲರನ್ನು ಚೀಟಿಯ ಮೇಲೆ ಮಡಚಿ ಮುಚ್ಚಿ, ಅಲ್ಲೇ ಕುಸಿದಳು. ತಂಗಿ ಅಳುತ್ತಲೇ ಓಡಿ ಬಂದಳು. ಯಾರು ಕಟ್ಟಿದ್ದೆಂಬುದೊಂದನ್ನು ಬಿಟ್ಟು ಅಜ್ಜಿ ದಾರಿಯಲ್ಲೇ ಎಲ್ಲ ಹೇಳಿದ್ದಳು.

"ಯಾರಕ್ಕಾ ಮಾಡಿದ್ದು ಇದನ್ನ? ಯಾವ ಪಾಪಿ?"

"ಮೊದಲು... ಬಿಚ್ಚು."

ತಂಗಿ ಮುಟ್ಟಿದ್ದೇ ತಡ, ಗಂಟು ಬೆಣ್ಣೆಯಂತೆ ಸಡಿಲಾಯಿತು. ಒಂದು ಸುತ್ತು ಬಿಚ್ಚಿತು. ಅಕ್ಕನ ಎದೆಗೆ ಗಾಳಿ ನುಗ್ಗಿತು. ಎರಡನೆಯ ಸುತ್ತು. ಇನ್ನೊಂದೇ ಒಂದು. ಅಕ್ಕ ಕಣ್ಣು ಮುಚ್ಚಿ, ಇವಳ ಕಾಲು ತೊಳೆದು ನೀರು ಕುಡಿಯುತ್ತೇನೆ ಎಂದುಕೊಂಡಳು. ನಿಜವಾಗಿಯೂ ಅಂದುಕೊಂಡಳು.

ಗೊಂಬೆಯ ಕಾಲರು ಮಡಚಿಕೊಂಡಿತ್ತು. ಮಡಚಿದ ಕಾಲರನ್ನು ಸರಿಮಾಡದೆ ಬಿಡಲು ತಂಗಿಗೆ ಬರುವುದಿಲ್ಲ. ಕೈ ತಾನಾಗಿಯೇ ಮೇಲೆ ಹೋಯಿತು. ಆ ಅಭ್ಯಾಸವನ್ನು ಮಾಡಿಸಿದ್ದೂ ಅಕ್ಕನೇ.

ಕೆಳಗಿನ ಚೀಟಿ ಕಂಡು ತಂಗಿಯ ಅಳು ನಿಂತಿತು.

"ಇದು ನಿನ್ನ ಅಕ್ಷರ ಅಲ್ವಾ?"

ಅಕ್ಕ ಚೀಟಿಗೆ ಕೈ ಚಾಚಿದಳು. ತಂಗಿ ಚೀಟಿಯನ್ನು ಎರಡು ಸಲ ಓದಿದಳು. ಆಮೇಲೆ ಕಣ್ಣೊರೆಸಿಕೊಂಡು, ಹಲ್ಲು ಕಚ್ಚಿ, ಮತ್ತೆ ದಾರಕ್ಕೆ ಕೈ ಹಾಕಿದಳು.

"ಬಿಚ್ತೀನಿ. ಏನೇ ಆಗ್ಲಿ, ಬಿಚ್ತೀನಿ ಅಕ್ಕಾ."

ಎಳೆದಳು. ಉಗುರು ಹಾಕಿ ಎಳೆದಳು. ಎರಡೂ ಕೈ ಹಾಕಿ ಎಳೆದಳು.

ಕೊನೆಯ ಸುತ್ತು ಅಲುಗಲಿಲ್ಲ.