ಹಿಂದುಮುಂದಾದ ರೀಲು

ದೊಡ್ಡ ನಿರ್ದೇಶಕರ ಚಿತ್ರಗಳ ಬಗ್ಗೆ ಮಾತಾಡುವಷ್ಟು ತಿಳಿವಳಿಕೆ ನನಗಿಲ್ಲ. ಆದರೂ ಹೇಳಲು ಹೊರಟಿದ್ದೇನೆ, ಕ್ಷಮಿಸಿ.

ಮದರಾಸು, ೧೯೬೧. ವೆಸ್ಟ್ ಮಾಂಬಲಂನ ಮನೆಯ ಬಾಗಿಲು ತೆರೆದ ನೀರಜಾಳ ಮುಖದೆದುರು ಕನ್ನಡ ಸಂಘದ ಮಾಸಪತ್ರಿಕೆ ಹಿಡಿದು ಒಬ್ಬ ಅಪರಿಚಿತ ನಿಂತಿದ್ದ. ಮುಖದ ತುಂಬ ಸಿಟ್ಟು!

"ಈ ವಿಮರ್ಶೆ ಬರೆದ ಮಹಾತಾಯಿ ನೀವೇನಾ?"

"ನಾನೇ. ನೀವ್ಯಾರು ಸಾರ್?"

"ತಿರುಮಲೇಶ. ಆ ಚಿತ್ರದ ಎಡಿಟರ್... ನಿನ್ನೆವರೆಗೆ!"

ಒಳಗಿನಿಂದ ತಾಯಿ ಜಾನಕಮ್ಮ ಕೂಗಿದರು. "ಜಗಳ ಆಡೋದಾದ್ರೆ ಒಳಗೆ ಬಂದು ಆಡಿ. ತೆರುವಲ್ಲಿ ಹೋಗೋರು ಬರೋರು ಎಲ್ಲಾರೂ ನೋಡ್ತಿದಾರೆ!"

ಅವನು ಒಳಗೆ ಬಂದ. ಕೂರಲಿಲ್ಲ.

"ಮಗ ಸತ್ತ ಸುದ್ದಿ ಬರೋ ಮೊದಲೇ ತಾಯಿ ಅಳ್ತಾಳೆ, ಎಂಥ ಧೈರ್ಯದ ನಿರ್ದೇಶನ ಅಂತ ಹೊಗಳಿದ್ದೀರಲ್ಲ... ಟಿ. ನಗರದ ಫಿಲಂ ಸೊಸೈಟಿಯವರು ರೀಲು ಹಿಂದುಮುಂದು ಹಾಕಿದ್ದರು ಕಣ್ರೀ!"

ನೀರಜಾಳಿಗೆ ಆ ಪ್ರದರ್ಶನ ನೆನಪಾಯಿತು. ಅಂದು ಸಭೆಯಲ್ಲಿ ಎಲ್ಲರಿಗೂ ಗೊಂದಲವಾಗಿತ್ತು. ಆದರೆ ದೊಡ್ಡ ನಿರ್ದೇಶಕ ರಘುರಾಮರ ಚಿತ್ರವಲ್ಲವೇ? ಅರ್ಥವಾಗದ್ದು ತಮ್ಮದೇ ದಡ್ಡತನವೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ.

"ನಿಮ್ಮ ಹೊಗಳಿಕೆ ಓದಿ ರಘುರಾಮರು, ಇನ್ನು ಚಿತ್ರ ಹಾಗೇ ಇರಲಿ ಅಂದುಬಿಟ್ಟರು. ನಾನು ಆಗಲ್ಲ ಅಂದೆ. ಮನೆಗೆ ಹೋಗು ಅಂದರು!"

"ರೀಲು ನಾನು ಹಾಕಿದೆನಾ? ನನ್ನ ಮೇಲೇಕೆ ಕೂಗ್ತೀರಿ?" ಅವಳ ದನಿಯೂ ಏರಿತು. "ಸರಿ, ನಿಮ್ಮ ಕ್ರಮದಲ್ಲಿ ಅಂಥಾದ್ದು ಏನಿದೆ?"

"ಸುದ್ದಿ ಬರತ್ತೆ. ಅವಳು ಅಳಲ್ಲ. ಒಲೆ ಮೇಲಿನ ಅನ್ನ ಬಸೀತಾಳೆ. ಎಲ್ಲರಿಗೂ ಬಡಿಸ್ತಾಳೆ. ಆಮೇಲೆ... ಒಬ್ಬಳೇ..."

ಮಾತು ಅಲ್ಲಿಗೇ ಬಿಟ್ಟು ಅವನು ಕಣ್ಣೊರೆಸಿಕೊಂಡ.

'ಇಷ್ಟು ಸಿಟ್ಟಿನ ಹಿಂದೆ ಇಷ್ಟು ಮೆದುವಾದ ಜೀವವೇ?' ಅವಳು ಮುಖ ತಿರುಗಿಸಿಕೊಂಡಳು.

ಮುಂದಿನ ಸಂಚಿಕೆಯಲ್ಲಿ ನೀರಜಾ ಬರೆದಳು: "ರೀಲು ಹಿಂದುಮುಂದಾಗಿತ್ತು. ನನಗೆ ಅರ್ಥವಾಗಿರಲಿಲ್ಲ. ಆದರೂ ಹೊಗಳಿದೆ." ಸಂಘದಲ್ಲಿ ನಕ್ಕರು. 'ಉಲ್ಟಾ ನೀರಜಾ' ಎಂದು ಹೆಸರಿಟ್ಟರು. ಅವಳ ಅಂಕಣ ನಿಂತಿತು.

ಮತ್ತೆ ಬಾಗಿಲಲ್ಲಿ ತಿರುಮಲೇಶ. ಮತ್ತೆ ಸಿಟ್ಟು!

"ನಿಮಗೇನು ಬುದ್ಧಿ ಇಲ್ವಾ? ಯಾಕೆ ಹೀಗೆ ಮಾನ ಕಳ್ಕೊಂಡ್ರಿ?"

"ನಿಮಗೋಸ್ಕರ ಅಲ್ಲ. ಚಿತ್ರದ ಆ ತಾಯಿಗೋಸ್ಕರ." ಬಾಗಿಲ ಚಿಲಕ ನೋಡುತ್ತಾ, "...ನಿಮಗೋಸ್ಕರಾನೂ" ಎಂದಳು.

ಅವನ ಕೋಪ ಎಲ್ಲಿ ಹೋಯಿತೋ!

"ರಘುರಾಮರು ಓದಿದರು. ನನ್ನ ಮನೆಗೇ ಬಂದರು. ಎಡಿಟಿಂಗ್ ರೂಮಿನ ಬೀಗದ ಕೈ ನನ್ನ ಮುಂದಿಟ್ಟು ಹೋದರು."

"ಮತ್ತೆ ಇಲ್ಲೇನು ಮಾಡ್ತಿದ್ದೀರಿ? ಹೋಗಿ, ಕೆಲಸ ನೋಡಿ."

"ಒಬ್ಬನೇ ಹೋಗೋಕೆ ಮನಸ್ಸಿಲ್ಲ ನೀರಜಾ."

"ಅಲ್ಲಿಗೆ ಬಂದರೂ ಜಗಳ ಆಡ್ತೀನಿ."

"ಆಡು. ಆದರೆ ಪಕ್ಕದಲ್ಲೇ ಕೂತು ಆಡು."

ಅವಳು ಚಪ್ಪಲಿ ಮೆಟ್ಟಿಕೊಂಡಳು.

ತಿರುಮಲೇಶನ ಕ್ರಮವನ್ನು ರಘುರಾಮರು ಮನಸಾರೆ ಒಪ್ಪಿದರೋ, ನಾಚಿಕೆಗೆ ಸುಮ್ಮನಾದರೋ, ನನಗೆ ತಿಳಿಯದು.